ಕೈಕೊಡುವ ಕಾರು, ಕೈಬಿಡದ ಒಡೆಯ

ಯಂತ್ರವೆಂದರೆ ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡತಕ್ಕದ್ದು ಎಂಬುದು ನಮ್ಮೆಲ್ಲರ ಸಾಮಾನ್ಯವಾದ ತಿಳಿವಳಿಕೆ. ಗಡಿಯಾರ ಸಮಯವನ್ನು ತೋರಿಸಬೇಕು, ಪಂಪು ನೀರನ್ನು ಎತ್ತಬೇಕು, ಹೊಲಿಗೆಯ ಯಂತ್ರ ಹೊಲಿಯಬೇಕು. ಹಾಗೆ ಮಾಡದ ಯಂತ್ರವನ್ನು ನಾವು ಒಂದೆರಡು ಸಲ ರಿಪೇರಿ ಮಾಡಿಸುತ್ತೇವೆ. ಮತ್ತೂ ಕೈಕೊಟ್ಟರೆ ಗುಜರಿಯವನ ತಕ್ಕಡಿಗೆ ಹಾಕುತ್ತೇವೆ. ಅದರ ಮೇಲೆ ನಮಗೆ ಮುನಿಸು ಬರಬಹುದೇ ಹೊರತು ಮೋಹವುಂಟಾಗುವುದಿಲ್ಲ. ಆದರೆ ಮೋಟಾರು ಕಾರಿನ ಚರಿತ್ರೆಯಲ್ಲಿ ಈ ನಿಯಮಕ್ಕೆ ಒಂದು ವಿಚಿತ್ರವಾದ ಅಪವಾದ ಕಾಣಿಸುತ್ತದೆ. ಮಳೆ ಬಂದರೆ ಸೋರುವ, ಚಳಿಯಲ್ಲಿ ಹೊರಡಲೊಲ್ಲದ, ನಿಂತಲ್ಲಿ ಎಣ್ಣೆ ತೊಟ್ಟಿಕ್ಕಿಸುವ, ಕತ್ತಲಾದ ಮೇಲೆ ದೀಪ ಉರಿದೇ ಉರಿಯುವುದೆಂದು ಖಂಡಿತವಾಗಿ ಹೇಳಲಾಗದ ಕಾರುಗಳನ್ನು ಜನ ಹಣ ಕೊಟ್ಟು ಕೊಂಡಿದ್ದಾರೆ. ಅವಕ್ಕೆ ಮುದ್ದಿನ ಹೆಸರುಗಳನ್ನಿಟ್ಟಿದ್ದಾರೆ. ಅವುಗಳಿಗಾಗಿ ಸಂಘಗಳನ್ನು ಕಟ್ಟಿದ್ದಾರೆ. ಮಕ್ಕಳಿಗೆ ಆಸ್ತಿಯಂತೆ ಬಿಟ್ಟುಹೋಗಿದ್ದಾರೆ. ತೊಂದರೆ ಕೊಡದ ಬೇರೆ ಕಾರು ಪೇಟೆಯಲ್ಲಿ ಸಿಗುತ್ತಿದ್ದಾಗಲೂ ಹೀಗೆ ಮಾಡಿದ್ದಾರೆ. ಇದು ಬರಿಯ ಹುಚ್ಚೇ, ಅಥವಾ ಇದರ ಹಿಂದೆ ಮನುಷ್ಯಸ್ವಭಾವದ ಯಾವುದಾದರೊಂದು ಸತ್ಯವಿದೆಯೇ ಎಂಬುದನ್ನು ಈ ಹೊತ್ತು ವಿಚಾರಮಾಡಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳಿಕೊಂಡು ಬಂದವನಿಗೆ ಮೋಟಾರಿನ ಗೊಡವೆ ಏಕೆಂದು ಶ್ರೋತೃಗಳಲ್ಲಿ ಕೆಲವರಿಗಾದರೂ ಅನ್ನಿಸಬಹುದು. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಎಂಜಿನ್ನಿನಿಂದಲ್ಲ, ಅಲಂಕಾರಶಾಸ್ತ್ರದಿಂದ. ನಮ್ಮ ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ಕಾವ್ಯದ ದೋಷಾದೋಷಗಳ ವಿಚಾರ. ಗುಣ ಬೇರೆ, ದೋಷ ಬೇರೆ. ಮೊದಲನೆಯದನ್ನು ಗ್ರಹಿಸಬೇಕು, ಎರಡನೆಯದನ್ನು ವರ್ಜಿಸಬೇಕು ಎಂಬ ಗೆರೆಯನ್ನು ಅಲಂಕಾರಿಕರು ಮೊದಲು ಎಳೆಯುತ್ತಾರೆ. ಬಳಿಕ, ಅನುಭವಿಗಳಾದ ಕಾರಣ, ತಾವೇ ಎಳೆದ ಆ ಗೆರೆಯನ್ನು ಅಲ್ಲಲ್ಲಿ ಅಳಿಸುತ್ತಲೂ ಹೋಗುತ್ತಾರೆ. ಹೇಳಿದ್ದನ್ನೇ ಹೇಳುವುದು ದೋಷ. ಆದರೆ ಶೋಕದಲ್ಲಿ ಮುಳುಗಿದವನ ಬಾಯಲ್ಲಿ ಅದೇ ಪುನರುಕ್ತಿ ದೋಷವೆನಿಸುವುದಿಲ್ಲ. ಕಿವಿಗೆ ಕರ್ಕಶವಾದ ಅಕ್ಷರಗಳು ಶೃಂಗಾರದಲ್ಲಿ ದೋಷ; ರೌದ್ರದಲ್ಲಿ ಅವೇ ಗುಣ. ಹಾಗಾದರೆ ದೋಷವು ಎಲ್ಲಿ, ಯಾರಿಗೆ, ಯಾವ ನಿಬಂಧನೆಯ ಮೇಲೆ ಗುಣವಾಗುತ್ತದೆ? ಈ ಪ್ರಶ್ನೆಯನ್ನು ಕಾರಿನ ವಿಷಯದಲ್ಲಿಯೂ ಕೇಳಬಹುದು. ಬಹುಶಃ ಅಲ್ಲಿ ಉತ್ತರ ಇನ್ನಷ್ಟು ಸ್ಪಷ್ಟವಾಗಿಯೇ ಸಿಕ್ಕೀತು. ಏಕೆಂದರೆ ಕಾರಿನ ದೋಷವನ್ನು ಬಾನೆಟ್ ಎತ್ತಿ ತೋರಿಸಬಹುದು.

ಇಂಥ ಕಾರುಗಳು ಇಟಲಿಯಲ್ಲಿ ಹುಟ್ಟಿವೆ, ಫ್ರಾನ್ಸಿನಲ್ಲಿ ಹುಟ್ಟಿವೆ. ಉದಾಹರಣೆಗಾಗಿ ನಾನು ಇಂಗ್ಲೆಂಡಿನ ಎಂ.ಜಿ. ಎಂಬ ಚಿಕ್ಕ ಸ್ಪೋರ್ಟ್ಸ್ ಕಾರನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಎರಡು ಕಾರಣಗಳಿವೆ. ಅದರ ಹುಟ್ಟು, ಏಳಿಗೆ, ಅವಸಾನಗಳು ಒಂದು ಕಥೆಯ ಹಾಗೆ ಪೂರ್ತಿಯಾಗಿ ನಮ್ಮ ಕಣ್ಣ ಮುಂದಿವೆ ಎಂಬುದು ಒಂದು. ನಮ್ಮ ರಸ್ತೆಗಳಲ್ಲಿ ಅರ್ಧ ಶತಮಾನಕ್ಕೂ ಮಿಗಿಲಾಗಿ ಓಡಾಡಿದ ಅಂಬಾಸಡರ್ ಕಾರಿಗೂ ಅದಕ್ಕೂ ರಕ್ತಸಂಬಂಧವಿದೆ ಎಂಬುದು ಇನ್ನೊಂದು. ಆ ಸಂಬಂಧದ ಮಾತನ್ನು ಮುಂದೆ ಎತ್ತಿಕೊಳ್ಳುತ್ತೇನೆ.

ಆಕ್ಸ್‌ಫರ್ಡ್ ಪಟ್ಟಣದಲ್ಲಿ ಸೈಕಲ್ ರಿಪೇರಿಯಿಂದ ಬದುಕನ್ನು ಆರಂಭಿಸಿದ ವಿಲಿಯಂ ಮಾರಿಸ್ ಎಂಬವರು ೧೯೧೩ರಲ್ಲಿ ತಮ್ಮ ಮೊದಲ ಮೋಟಾರು ಕಾರನ್ನು ಹೊರತಂದರು. ಮುಂದೆ ಲಾರ್ಡ್ ನಫೀಲ್ಡ್ ಎಂದು ಹೆಸರಾದವರು ಇವರೇ. ಅದೇ ಊರಿನಲ್ಲಿ ಅವರಿಗೆ ಮಾರಿಸ್ ಗ್ಯಾರೇಜಸ್ ಎಂಬ ಮಾರಾಟದ ಹಾಗೂ ರಿಪೇರಿಯ ಮಳಿಗೆಯಿತ್ತು. ೧೯೨೨ರಲ್ಲಿ ಸೆಸಿಲ್ ಕಿಂಬರ್ ಅದರ ವ್ಯವಸ್ಥಾಪಕರಾದರು. ಕಿಂಬರ್ ಅವರಿಗೆ ಚೆಲುವಿನ ಕಣ್ಣಿತ್ತು. ಸಾಮಾನ್ಯ ಗೃಹಸ್ಥರ ಮಾರಿಸ್ ಕಾರಿನ ತಳಕಟ್ಟನ್ನೇ ತೆಗೆದುಕೊಂಡು, ಅದಕ್ಕೆ ಹಗುರವಾದ, ನೋಡಲು ಸೊಗಸಾದ ಮೈಯನ್ನು ತೊಡಿಸಿ ಅವರು ಮಾರತೊಡಗಿದರು. ಮಾರಿಸ್ ಗ್ಯಾರೇಜಸ್ ಎಂಬ ಹೆಸರಿನ ಮೊದಲಕ್ಷರಗಳೇ ಎಂ.ಜಿ. ಎಂಬ ಅಷ್ಟಕೋನದ ಮುದ್ರೆಯಾದವು. ೧೯೨೮ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಮಿಜೆಟ್ ಎಂಬ ಪುಟ್ಟ ಕಾರು ಕಾಣಿಸಿಕೊಂಡಿತು. ಎಂಜಿನ್ನು ೮೪೭ ಸಿ.ಸಿ.ಯದು, ಮರದ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿದ ಮೈ, ಬೆಲೆ ೧೭೫ ಪೌಂಡು. ಅದುವರೆಗೆ ಸ್ಪೋರ್ಟ್ಸ್ ಕಾರೆಂಬುದು ಸಿರಿವಂತರ ಮಕ್ಕಳ ಸೊತ್ತು. ಈಗ ಗುಮಾಸ್ತನೂ ಶಾಲೆಯ ಉಪಾಧ್ಯಾಯನೂ ಅದರ ಕನಸು ಕಾಣುವಂತಾಯಿತು. ೧೯೩೦ರ ಹೊತ್ತಿಗೆ ಕಾರ್ಖಾನೆ ಹತ್ತಿರದ ಅಬಿಂಗ್ಡನ್ ಎಂಬ ಚಿಕ್ಕ ಊರಿಗೆ ಬಂದಿತು. ಅದೇ ವರ್ಷ ಒಡೆಯರ ಸಂಘವೂ ಹುಟ್ಟಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ಕಾರಿನ ಗುಣಗಳೂ ದೋಷಗಳೂ ಬೇರೆ ಬೇರೆ ಮೂಲಗಳಿಂದ ಬಂದವುಗಳಲ್ಲ. ಅವು ಅವಳಿ ಮಕ್ಕಳು. ಮರದ ಚೌಕಟ್ಟಿನಿಂದ ಕಾರು ಹಗುರವಾಯಿತು, ಹಗುರವಾದ್ದರಿಂದ ಚುರುಕಾಯಿತು. ಅದೇ ಮರ ನೀರು ಕುಡಿದು ಕೊಳೆಯಿತು. ಮೇಲೆ ಚಾವಣಿಯಿಲ್ಲದ್ದರಿಂದ ಗಾಳಿ ಬಿಸಿಲುಗಳು ಮುಖಕ್ಕೆ ತಾಗಿದವು. ಅದೇ ಕಾರಣದಿಂದ ಮಳೆಯೂ ಮಡಿಲಿಗೆ ಬಿದ್ದಿತು. ಬೆಲೆ ಕಡಿಮೆಯಿರಬೇಕೆಂದು ಸಾಮಾನ್ಯ ಕಾರಿನ ಬಿಡಿಭಾಗಗಳನ್ನು ಹಾಕಿದರು. ಆ ಭಾಗಗಳನ್ನು ಮಾಡಿದವರು ಎಣಿಸಿರದಷ್ಟು ಬಿರುಸಾಗಿ ಒಡೆಯ ಅವನ್ನು ದುಡಿಸಿದ. ಒಂದನ್ನು ಕಿತ್ತರೆ ಇನ್ನೊಂದೂ ಕಿತ್ತುಬರುವಂತೆ ಎರಡೂ ಹೆಣೆದುಕೊಂಡಿದ್ದವು. ‘ಈ ಕಾರಿನ ದೋಷಗಳನ್ನು ಕ್ಷಮಿಸಿ ಗುಣಗಳನ್ನು ಮೆಚ್ಚುತ್ತೇನೆ’ ಎಂದು ಹೇಳುವವನು ವಾಸ್ತವವಾಗಿ ಒಂದೇ ವಸ್ತುವಿನ ಎರಡು ಮಗ್ಗುಲುಗಳನ್ನು ಹೆಸರಿಸುತ್ತಿದ್ದಾನೆ.

ಎರಡನೆಯ ಮಹಾಯುದ್ಧ ಬಂದಿತು. ಕಿಂಬರ್ ೧೯೪೧ರಲ್ಲಿ ಕಾರ್ಖಾನೆಯನ್ನು ಬಿಡಬೇಕಾಯಿತು. ೧೯೪೫ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿ ನಡೆದ ರೈಲು ಅಪಘಾತದಲ್ಲಿ ತೀರಿಕೊಂಡರು. ತಾವು ನೆಟ್ಟ ಗಿಡ ಸಮುದ್ರದಾಚೆಗೆ ಕೊಂಬೆ ಚಾಚಿದ್ದನ್ನು ಅವರು ಕಾಣಲಿಲ್ಲ. ಅದೇ ವರ್ಷದ ಕೊನೆಗೆ ಎಂ.ಜಿ. ಟಿ.ಸಿ. ಎಂಬ ಕಾರು ಹೊರಬಂದಿತು. ೧೨೫೦ ಸಿ.ಸಿ. ಎಂಜಿನ್ನು, ಸುಮಾರು ೫೪ ಅಶ್ವಶಕ್ತಿ, ಎತ್ತರವಾದ ತಂತಿಯ ಚಕ್ರಗಳು, ಮೈಯೊಳಗೆ ಹಿಂದಿನಂತೆಯೇ ಮರದ ಚೌಕಟ್ಟು. ಬರಿಗೈಯಾಗಿದ್ದ ಬ್ರಿಟನ್ನಿಗೆ ಆಗ ಡಾಲರ್ ಬೇಕಾಗಿತ್ತು. ರಫ್ತು ಮಾಡಿದವರಿಗೆ ಉಕ್ಕು ಸಿಗುತ್ತಿತ್ತು. ಇಂಗ್ಲೆಂಡಿನ ವಿಮಾನನೆಲೆಗಳಲ್ಲಿ ದುಡಿದು ತಾಯ್ನಾಡಿಗೆ ಮರಳಿದ ಅಮೆರಿಕನ್ ಯೋಧರಿಗೆ ಅಲ್ಲಿನ ಕಿರಿದಾದ ರಸ್ತೆಗಳಲ್ಲಿ ಓಡುತ್ತಿದ್ದ ಈ ಚಿಕ್ಕ ಕಾರುಗಳ ನೆನಪಿತ್ತು. ೧೯೪೯ರವರೆಗೆ ತಯಾರಾದ ಸುಮಾರು ಹತ್ತು ಸಾವಿರ ಟಿ.ಸಿ.ಗಳಲ್ಲಿ ಎರಡು ಸಾವಿರದಷ್ಟು ಅಮೆರಿಕವನ್ನು ಸೇರಿದವು. ಚಾಲಕಚಕ್ರ ಬಲಗಡೆಗೇ ಇದ್ದರೂ, ಅಂದರೆ ಆ ದೇಶದ ಸಂಚಾರಕ್ರಮಕ್ಕೆ ವಿರುದ್ಧವಾಗಿದ್ದರೂ, ಜನ ಕೊಂಡರು. ೧೯೪೮ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ವಾಟ್ಕಿನ್ಸ್ ಗ್ಲೆನ್ ಎಂಬ ಊರಿನ ರಸ್ತೆಗಳಲ್ಲಿ ನಡೆದ ಮೊದಲ ಪಂದ್ಯದಲ್ಲಿ ಇವು ಓಡಿದವು. ೧೯೬೧ರಲ್ಲಿ ವಿಶ್ವ ಚಾಂಪಿಯನ್ ಆದ ಫಿಲ್ ಹಿಲ್ ಪಂದ್ಯಗಳಲ್ಲಿ ಕೈ ಪಳಗಿಸಿಕೊಂಡಿದ್ದು ಇಂಥದೊಂದು ಟಿ.ಸಿ.ಯಲ್ಲಿಯೇ.

ಆ ಕಾಲದ ಅಮೆರಿಕದ ಕಾರು ಹೇಗಿತ್ತೆಂಬುದನ್ನು ನೆನೆದರೆ ಈ ಮೋಹದ ವೈಚಿತ್ರ್ಯ ತಿಳಿಯುತ್ತದೆ. ಅಲ್ಲಿನ ಸಾಧಾರಣ ಫೋರ್ಡ್ ಕಾರಿನ ಎಂಟು ಸಿಲಿಂಡರುಗಳ ಎಂಜಿನ್ನಿಗೆ ೧೦೦ ಅಶ್ವಶಕ್ತಿಯಿತ್ತು. ದಿವಾನಖಾನೆಯ ಸೋಫಾದಂಥ ಆಸನ. ಕೆಲವು ದುಬಾರಿ ಕಾರುಗಳಲ್ಲಿ ತಾನಾಗಿಯೇ ಬದಲಾಗುವ ಗೇರು. ಅಂಥ ಸುಖವನ್ನು ಬಿಟ್ಟು ಇವರು ಬಯಸಿದ್ದು ಏನನ್ನು? ಒಡೆಯನ ಒಂದು ದಿನವನ್ನು ಊಹಿಸಿಕೊಳ್ಳೋಣ. ಬೀಗದ ಕೈ ತಿರುಗಿಸಿದೊಡನೆ ಪೆಟ್ರೋಲ್ ಪಂಪು ಟಿಕ್ ಟಿಕ್ ಎಂದು ಅವಸರದಲ್ಲಿ ಬಡಿದುಕೊಳ್ಳುತ್ತದೆ. ಸದ್ದು ನಿಧಾನವಾದರೆ ಪೆಟ್ರೋಲ್ ಕಾರ್ಬ್ಯುರೇಟರಿಗೆ ತಲುಪಿತೆಂದು ಅರ್ಥ. ಸದ್ದೇ ಬಾರದಿದ್ದರೆ ಸ್ಪ್ಯಾನರಿನ ಹಿಡಿಯಿಂದ ಪಂಪಿಗೆ ಮೆಲ್ಲನೆ ಒಂದು ಏಟು. ಅನೇಕ ವೇಳೆ ಅಷ್ಟೇ ಸಾಕು. ಕಾರ್ಬ್ಯುರೇಟರುಗಳು ಎರಡು. ಅವುಗಳ ತಲೆಯ ಮೇಲಿನ ಗುಂಡಿಯನ್ನು ಬಿಚ್ಚಿ ಆಗಾಗ ಒಂದಿಷ್ಟು ಎಣ್ಣೆ ಹಾಕಬೇಕು. ಎರಡೂ ಸಮನಾಗಿ ಗಾಳಿಯನ್ನು ಎಳೆಯುತ್ತಿವೆಯೇ ಎಂಬುದನ್ನು ತಿಳಿಯಲು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಅವುಗಳ ಬಾಯಿಗೆ ಹಿಡಿದು, ಎರಡರ ಬುಸುಗುಟ್ಟುವಿಕೆಯೂ ಒಂದೇ ಸ್ವರಕ್ಕೆ ಬರುವವರೆಗೆ ತಿರುಪನ್ನು ಸರಿಪಡಿಸಬೇಕು. ತಂಬೂರಿಯ ಶ್ರುತಿಯನ್ನು ಕೂಡಿಸುವುದು ಇದಕ್ಕಿಂತ ಭಿನ್ನವಲ್ಲ. ತಂಬೂರಿಯೂ ಹವೆ ಬದಲಾದರೆ ಶ್ರುತಿ ತಪ್ಪುತ್ತದೆ. ಆದರೆ ಅದು ಕೆಟ್ಟ ವಾದ್ಯವೆಂದು ಯಾವ ಗಾಯಕನೂ ದೂರುವುದಿಲ್ಲ.

ಎಣ್ಣೆ ತೊಟ್ಟಿಕ್ಕುವುದಕ್ಕೂ ಒಂದು ಕಾರಣವಿತ್ತು. ಎಂಜಿನ್ನಿನ ಮುಖ್ಯ ದಂಡದ ಹಿಂತುದಿಯಲ್ಲಿ ಎಣ್ಣೆಯನ್ನು ತಡೆಯುವುದಕ್ಕೆ ಇಂದಿನಂತೆ ರಬ್ಬರಿನ ಬಿಗಿಪಟ್ಟಿ ಇರಲಿಲ್ಲ. ತಿರುಪಿನಾಕಾರದ ಒಂದು ಗೀರು ಇತ್ತು. ದಂಡ ತಿರುಗುತ್ತಿರುವವರೆಗೆ ಆ ಗೀರು ಎಣ್ಣೆಯನ್ನು ಹಿಂದಕ್ಕೆ ನೂಕುತ್ತಿತ್ತು. ನಿಂತೊಡನೆ ಅದರ ಕೆಲಸವೂ ನಿಲ್ಲುತ್ತಿತ್ತು. ಓಡುವಾಗ ಸೋರದೆ, ನಿಂತಾಗ ಸೋರುವ ಕಾರು! ಕೆಳಗೆ ಎಣ್ಣೆ ಬಿದ್ದಿಲ್ಲವೆಂದರೆ ಒಳಗೆ ಎಣ್ಣೆಯೇ ಇಲ್ಲವೆಂದು ತಿಳಿಯಬೇಕೆಂದು ಒಡೆಯರು ನಗೆಯಾಡುತ್ತಿದ್ದರು.

ವಿದ್ಯುತ್ತಿನ ಭಾಗಗಳಂತೂ ಈ ನಗೆಚಾಟಿಕೆಗಳ ಭಂಡಾರವೇ ಆಗಿದ್ದವು. ಬ್ರಿಟಿಷ್ ಕಾರುಗಳ ದೀಪ, ಡೈನಮೋ, ಸ್ವಿಚ್ಚುಗಳಲ್ಲಿ ಬಹುಪಾಲು ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಾಸ್ ಸಂಸ್ಥೆಯವು. ಸೀಮೆಎಣ್ಣೆ ದೀಪಗಳಿಂದ ವ್ಯಾಪಾರವನ್ನು ಆರಂಭಿಸಿದ ಆ ಮನೆತನಕ್ಕೆ ಅಮೆರಿಕದ ಒಡೆಯರು ‘ಕತ್ತಲೆಯ ರಾಜಕುಮಾರ’ ಎಂಬ ಬಿರುದನ್ನು ಕೊಟ್ಟರು. ಇಂಗ್ಲಿಷರು ಬೆಚ್ಚಗಿನ ಬಿಯರನ್ನು ಕುಡಿಯುವುದೇಕೆ? ಅವರ ಶೀತಪೆಟ್ಟಿಗೆಗಳೂ ಲೂಕಾಸ್‌ನವೇ ಆದ್ದರಿಂದ, ಎಂಬುದು ಇನ್ನೊಂದು ಚಾಟಿಕೆ. ನ್ಯಾಯವಾಗಿ ನೋಡಿದರೆ ಅಪರಾಧವೆಲ್ಲವೂ ಆ ಸಂಸ್ಥೆಯದಲ್ಲ. ಅಗ್ಗದ ಭಾಗಗಳನ್ನು ಬೇಡಿದವರು ಕಾರು ತಯಾರಕರು. ಎಂ.ಜಿ.ಎ. ಎಂಬ ಕಾರಿಗೆ ಇದ್ದುದು ಎರಡೇ ಫ್ಯೂಸುಗಳು. ಎಂ.ಜಿ.ಬಿ.ಯ ಮೊದಲ ವರ್ಷಗಳಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳನ್ನು ಆಸನದ ಹಿಂದೆ, ಕೈಗೆ ಸುಲಭವಾಗಿ ಎಟುಕದ ಕುಳಿಯಲ್ಲಿ ಇಟ್ಟಿದ್ದರು. ಎಟುಕದ್ದನ್ನು ಯಾರು ತಾನೆ ವಾರವಾರವೂ ನೋಡಿಯಾರು? ತುಕ್ಕು ಹಿಡಿದ ಒಂದು ಭೂಸಂಪರ್ಕದ ತಂತಿಯಿಂದಾಗಿ ಇಡೀ ಕಾರಿಗೆ ಗ್ರಹಣ ಹಿಡಿಯುತ್ತಿತ್ತು. ಆ ತಂತಿಯ ತುದಿಯನ್ನು ಮರಳುಕಾಗದದಿಂದ ಉಜ್ಜಿದರೆ ಗ್ರಹಣಮೋಕ್ಷ.

ನನ್ನ ವಿಚಾರದ ತಿರುಳು ಇರುವುದು ಇಲ್ಲಿಯೇ. ಈ ಕಾರುಗಳ ದೋಷ ಓದಬಲ್ಲ ದೋಷವಾಗಿತ್ತು. ಕಾರಣವು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು, ಮೂಗಿಗೆ ತಟ್ಟುತ್ತಿತ್ತು. ಪರಿಹಾರ ಒಂದು ಪೆಟ್ಟಿಗೆಯ ಉಪಕರಣಗಳಲ್ಲಿ ಅಡಗಿತ್ತು. ರಸ್ತೆಯ ಬದಿಯಲ್ಲಿ ನಿಂತ ಕಾರನ್ನು ಅರ್ಧ ಗಂಟೆಯಲ್ಲಿ ಮತ್ತೆ ಹೊರಡಿಸಿಕೊಂಡವನಿಗೆ ಸಿಕ್ಕಿದ್ದು ಕೇವಲ ಪ್ರಯಾಣವಲ್ಲ. ತಾನೂ ಇದರಲ್ಲಿ ಪಾಲುದಾರನೆಂಬ ಭಾವ. ದೋಷವೇ ಇಲ್ಲದ ಕಾರು ಒಡೆಯನಿಂದ ಏನನ್ನೂ ಕೇಳುವುದಿಲ್ಲ. ಏನನ್ನೂ ಕೊಡದವನಿಗೆ ಅದರೊಡನೆ ಸಂಬಂಧ ಬೆಳೆಯುವುದಾದರೂ ಹೇಗೆ? ಹಟಮಾರಿ ಎತ್ತಿನ ಸ್ವಭಾವವನ್ನು ಅದರ ರೈತನಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಆ ಬಲ್ಲತನವೇ ಅವನ ಅಭಿಮಾನದ ಅರ್ಧಪಾಲು.

ಇದು ಬರಿಯ ಭಾವುಕರ ಮಾತಲ್ಲವೆಂಬುದಕ್ಕೆ ಇತ್ತೀಚಿನ ಮನಶ್ಶಾಸ್ತ್ರದಲ್ಲಿಯೂ ಆಧಾರವಿದೆ. ಅಮೆರಿಕದ ಮೈಕೆಲ್ ನಾರ್ಟನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ೨೦೧೨ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಜನ ತಾವೇ ಕೈಯಾರೆ ಜೋಡಿಸಿದ ಪೆಟ್ಟಿಗೆಗಳಿಗೂ ತಾವೇ ಮಡಿಸಿದ ಕಾಗದದ ಗೊಂಬೆಗಳಿಗೂ ಹೆಚ್ಚಿನ ಬೆಲೆ ಕಟ್ಟುತ್ತಾರೆಂಬುದನ್ನು ಪ್ರಯೋಗಗಳಿಂದ ತೋರಿಸಿದರು. ಅವರ ಇನ್ನೊಂದು ನಿರ್ಣಯ ನಮಗೆ ಇನ್ನೂ ಮುಖ್ಯವಾದದ್ದು. ಕೈಗೆತ್ತಿಕೊಂಡ ಕೆಲಸ ಪೂರ್ತಿಯಾಗದೆ ಹೋದರೆ ಈ ಮಮತೆ ಕರಗಿಹೋಗುತ್ತದೆ. ಅಂದರೆ ಶ್ರಮ ಮಾತ್ರವೇ ಪ್ರೀತಿಯನ್ನು ಹುಟ್ಟಿಸದು. ಸಫಲವಾದ ಶ್ರಮ ಹುಟ್ಟಿಸುತ್ತದೆ. ರಿಪೇರಿಗೆ ಒಲಿಯುವ ದೋಷ ಮೋಹಕ್ಕೆ ದಾರಿಮಾಡುತ್ತದೆ. ಒಲಿಯದ ದೋಷ ಹಗೆತನಕ್ಕೆ.

ಇಷ್ಟು ಹೇಳಿದ ಮೇಲೆ ಇದರ ಮತ್ತೊಂದು ಮುಖವನ್ನು ಹೇಳದೆ ಬಿಡುವುದು ಪ್ರಾಮಾಣಿಕತೆಯಲ್ಲ. ನಾನು ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ನಮ್ಮ ಬೀದಿಯ ವೈದ್ಯರೊಬ್ಬರ ಬಳಿ ಐವತ್ತರ ದಶಕದ ಒಂದು ಇಂಗ್ಲಿಷ್ ಕಾರಿತ್ತು. ಭಾನುವಾರ ಬೆಳಿಗ್ಗೆ ಅವರು ಪಂಚೆಯನ್ನು ಎತ್ತಿಕಟ್ಟಿ ಅದರ ಮುಂದೆ ಕುಳಿತರೆ ಊಟದ ಹೊತ್ತಾದರೂ ಏಳುತ್ತಿರಲಿಲ್ಲ. ಆದರೆ ರಾತ್ರಿಯ ಹೊತ್ತು ರೋಗಿಯ ಮನೆಯಿಂದ ಕರೆ ಬಂದರೆ ಅವರು ತೆಗೆಯುತ್ತಿದ್ದುದು ಸ್ಕೂಟರನ್ನು. ಈ ವಿಷಯವನ್ನು ಒಮ್ಮೆ ಪ್ರಸ್ತಾಪಿಸಿದಾಗ ಅವರು, ‘ಕಾರು ನನ್ನದು, ರೋಗಿಯ ಪ್ರಾಣ ನನ್ನದಲ್ಲವಲ್ಲ’ ಎಂದರು. ಕೈಕೊಡುವ ಕಾರಿನ ಮೇಲಿನ ಪ್ರೀತಿಗೆ ಇದಕ್ಕಿಂತ ಸ್ಪಷ್ಟವಾದ ಎಲ್ಲೆಯನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಮನೆಯಲ್ಲಿ ಸ್ಕೂಟರಿರುವವನು ಮಾತ್ರ ಅಂಥ ಕಾರನ್ನು ಪ್ರೀತಿಸಬಲ್ಲ. ಬೇರೆ ಗತಿಯಿಲ್ಲದವನಿಗೆ ಅದೇ ದೋಷ ಶಾಪ.

ಈಗ ಹಿಂದೆ ಹೇಳಿದ ರಕ್ತಸಂಬಂಧಕ್ಕೆ ಬರೋಣ. ೧೯೫೨ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಕಂಪನಿಗಳು ಒಂದಾಗಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆಯಿತು. ಅದರ ‘ಬಿ’ ಶ್ರೇಣಿಯ ೧೪೮೯ ಸಿ.ಸಿ. ಎಂಜಿನ್ನು ೧೯೫೫ರಲ್ಲಿ ಬಂದ ಎಂ.ಜಿ.ಎ. ಸ್ಪೋರ್ಟ್ಸ್ ಕಾರಿನ ಹೃದಯವಾಗಿತ್ತು. ಇತ್ತ ಕಲ್ಕತ್ತೆಯ ಬಳಿಯ ಉತ್ತರಪಾಡದಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಅಂಬಾಸಡರನ್ನು ತಯಾರಿಸತೊಡಗಿತ್ತು. ೧೯೫೯ರಿಂದ ಅದರ ಬಾನೆಟ್ಟಿನಡಿಯಲ್ಲಿ ಬಡಿದದ್ದೂ ಇದೇ ಶ್ರೇಣಿಯ ೧೪೮೯ ಸಿ.ಸಿ. ಎಂಜಿನ್ನು. ಕ್ಯಾಲಿಫೋರ್ನಿಯಾದ ಕಡಲದಂಡೆಯ ರಸ್ತೆಯಲ್ಲಿ ಯುವಕನೊಬ್ಬ ಮೋಜಿಗಾಗಿ ಓಡಿಸಿದ ಎಂಜಿನ್ನಿಗೂ, ಶಿರಾಡಿ ಘಟ್ಟವನ್ನು ಏಳೆಂಟು ಮಂದಿಯನ್ನು ತುಂಬಿಕೊಂಡು ಏದುಸಿರು ಬಿಡುತ್ತ ಹತ್ತಿದ ಬಾಡಿಗೆ ಕಾರಿನ ಎಂಜಿನ್ನಿಗೂ ಕುಲವೊಂದೇ.

ಆದರೆ ಆ ಎರಡು ಬದುಕುಗಳು ಒಂದೇ ಅಲ್ಲ. ಅಲ್ಲಿ ಅದು ಆಯ್ಕೆ, ಇಲ್ಲಿ ಅನಿವಾರ್ಯ. ಪರವಾನಗಿಯ ಆ ದಶಕಗಳಲ್ಲಿ ನಮ್ಮಲ್ಲಿ ಕಾರು ಬೇಕೆಂದವನು ಹಣ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿತ್ತು. ಕಾದು ಪಡೆದದ್ದು ಸೋರಿದರೆ ಸೋರಿದ್ದನ್ನೇ ಓಡಿಸಬೇಕಾಗಿತ್ತು. ಆಗ ಅಂಬಾಸಡರನ್ನು ಹೊಗಳಿ ಪದ್ಯ ಕಟ್ಟುವ ಹುಮ್ಮಸ್ಸು ಯಾರಿಗೂ ಇದ್ದಂತಿಲ್ಲ. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದಿತು. ಬೆಳಿಗ್ಗೆ ಬೀಗದ ಕೈ ತಿರುಗಿಸಿದರೆ ಹೊರಡುವ ಕಾರನ್ನು ನಮ್ಮ ಮಧ್ಯಮವರ್ಗ ಕಂಡಿತು. ಅಂಬಾಸಡರಿನ ಬಗ್ಗೆ ನಾವು ಇಂದು ಆಡುವ ಅಕ್ಕರೆಯ ಮಾತುಗಳೆಲ್ಲ ಬಹುಮಟ್ಟಿಗೆ ಆ ಬಳಿಕ ಬೆಳೆದವು. ೨೦೧೪ರಲ್ಲಿ ಅದರ ತಯಾರಿಕೆ ನಿಂತ ಮೇಲಂತೂ ಇನ್ನೂ ಸೊಂಪಾಗಿ ಬೆಳೆದವು. ಸೆರೆಯಿಂದ ಬಿಡುಗಡೆಯಾದವನಿಗೆ ಮಾತ್ರ ಸೆರೆಮನೆಯ ಕಿಟಕಿ ಚೆಲುವಾಗಿ ಕಾಣಬಹುದು. ಹೀಗೆನ್ನುವಾಗ ಆ ಕಾರನ್ನು ಮೂವತ್ತು ವರ್ಷ ಓಡಿಸುತ್ತ ಬಂದ ಚಾಲಕರ, ಒಂದು ತಂತಿಯ ತುಂಡಿನಿಂದಲೂ ಹಗ್ಗದಿಂದಲೂ ಅದನ್ನು ಊರು ಮುಟ್ಟಿಸುತ್ತಿದ್ದ ಮೆಕ್ಯಾನಿಕ್ಕುಗಳ ವಿದ್ಯೆಯನ್ನು ನಾನು ಕಡೆಗಣಿಸುತ್ತಿಲ್ಲ. ಆ ವಿದ್ಯೆ ದೊಡ್ಡದು. ಅದಕ್ಕೆ ಪದಕ ಸಿಗಲಿಲ್ಲ, ಸಂಘವೂ ಹುಟ್ಟಲಿಲ್ಲ; ಏಕೆಂದರೆ ಅದು ಹೊಟ್ಟೆಪಾಡಾಗಿತ್ತು.

ದೋಷವನ್ನು ಮುದ್ದಿಸುವ ಪ್ರೀತಿಗೆ ಅಬಿಂಗ್ಡನ್ನಿನಲ್ಲಿಯೂ ಬೆಲೆ ತೆರಬೇಕಾಗಿ ಬಂದಿತು. ೧೯೬೨ರಲ್ಲಿ ಎಂ.ಜಿ.ಬಿ. ಬಂದಾಗ ಅದು ಹೊಸ ಬಗೆಯ ಕಾರೇ ಆಗಿತ್ತು. ಏರಿಸಿ ಇಳಿಸುವ ಕಿಟಕಿಯ ಗಾಜು ಅದಕ್ಕಿತ್ತು. ಅದನ್ನೇ ಹದಿನೆಂಟು ವರ್ಷ ಮಾರಿದರು. ಐದು ಲಕ್ಷಕ್ಕೂ ಮಿಕ್ಕಿ ಮಾರಿದರು. ೧೯೬೮ರಲ್ಲಿ ಹುಟ್ಟಿದ ಬ್ರಿಟಿಷ್ ಲೇಲೆಂಡ್ ಎಂಬ ಮಹಾಸಂಸ್ಥೆಯ ಹಣವೆಲ್ಲ ಬೇರೆ ಕಡೆಗೆ ಹರಿಯಿತು. ೧೯೭೫ರಲ್ಲಿ ಸರ್ಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು. ಅಮೆರಿಕದ ಸುರಕ್ಷತೆಯ ನಿಯಮಗಳಿಗೆ ತಕ್ಕಂತೆ ೧೯೭೪ರ ಕೊನೆಗೆ ಎಂ.ಜಿ.ಬಿ.ಗೆ ಕರಿಯ ರಬ್ಬರಿನ ಬಂಪರು ತೊಡಿಸಿ, ಇಡೀ ಕಾರನ್ನು ಒಂದಿಷ್ಟು ಎತ್ತರಿಸಿದರು. ಅದರಿಂದ ಕಾರಿನ ಚೆಲುವೂ ಕೆಟ್ಟಿತು, ತಿರುವುಗಳಲ್ಲಿನ ಹಿಡಿತವೂ ಸಡಿಲಾಯಿತು. ಗಿರಾಕಿಗಳು ಹಳೆಯ ದೋಷಗಳನ್ನು ನಗುತ್ತ ಸಹಿಸಿಕೊಳ್ಳುತ್ತಿರುವಾಗ ಅವನ್ನು ತಿದ್ದುವ ಅವಸರ ಆಡಳಿತಕ್ಕೆ ಎಲ್ಲಿಂದ ಬರಬೇಕು? ಅಬಿಂಗ್ಡನ್ನಿನಲ್ಲಿ ಐವತ್ತು ವರ್ಷಗಳ ಉತ್ಸವ ನಡೆದ ಬೆನ್ನಲ್ಲೇ, ೧೯೭೯ರ ಸೆಪ್ಟೆಂಬರಿನಲ್ಲಿ, ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಒಡೆಯರ ಸಂಘಗಳು ಪ್ರತಿಭಟಿಸಿದವು; ಆಸ್ಟನ್ ಮಾರ್ಟಿನ್‌ನ ಮುಖ್ಯಸ್ಥರ ಮುಂದಾಳುತನದಲ್ಲಿ ಕೊಳ್ಳುವ ಪ್ರಯತ್ನವೂ ನಡೆದು ಮುರಿದುಬಿದ್ದಿತು. ೧೯೮೦ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. ಕಾರನ್ನು ಪ್ರೀತಿಸಿದವರ ಬಳಿ ಕಾರುಗಳು ಉಳಿದವು. ಅದನ್ನು ಕಟ್ಟಿದ ಕೆಲಸಗಾರರ ಕೆಲಸ ಉಳಿಯಲಿಲ್ಲ.

ಈ ಮೋಹದ ಮರ್ಮವನ್ನು ಅರಿತು ಲಾಭಪಡೆದವರು ಜಪಾನಿನವರು. ೧೯೮೯ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮಜ್ದಾ ಸಂಸ್ಥೆ ಎಂಎಕ್ಸ್-೫ ಎಂಬ ಎರಡು ಆಸನಗಳ ತೆರೆದ ಕಾರನ್ನು ಮುಂದಿಟ್ಟಿತು. ಹಳೆಯ ಇಂಗ್ಲಿಷ್ ಕಾರುಗಳ ಹಗುರತನ, ರಸ್ತೆಯ ಏರುತಗ್ಗುಗಳನ್ನು ಕೈಗೆ ತಿಳಿಸುವ ಚಾಲಕಚಕ್ರ, ಹೊಗೆಕೊಳವೆಯ ದನಿ ಇವೆಲ್ಲವನ್ನೂ ಅದರ ಎಂಜಿನಿಯರುಗಳು ಶ್ರದ್ಧೆಯಿಂದ ಅಭ್ಯಾಸಮಾಡಿದ್ದರು; ದನಿಯನ್ನಂತೂ ಬೇಕೆಂದೇ ಕಿವಿಗೆ ಹಿತವಾಗುವಂತೆ ಹದಗೊಳಿಸಿದ್ದರು. ಕುದುರೆ ಸವಾರರಿಬ್ಬರೂ ಒಂದೇ ಜೀವವಾಗುವುದು ಎಂಬರ್ಥದ ತಮ್ಮ ನುಡಿಯ ಒಂದು ಮಾತನ್ನು ಅವರು ಆದರ್ಶವಾಗಿಟ್ಟುಕೊಂಡಿದ್ದರು. ಆದರೆ ಅದು ಸೋರುತ್ತಿರಲಿಲ್ಲ, ಹೊರಡಲು ಹಟ ಮಾಡುತ್ತಿರಲಿಲ್ಲ. ೨೦೧೬ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾದವು. ಅಂದರೆ ಗುಣ ದೋಷಗಳು ಅವಳಿಗಳೆಂದು ನಾನು ಮೊದಲು ಹೇಳಿದ್ದು ೧೯೨೮ರ ಮರ, ಬಟ್ಟೆ, ಅಗ್ಗದ ಭಾಗಗಳ ಮಟ್ಟಿಗೆ ನಿಜ. ಎಲ್ಲ ಕಾಲಕ್ಕೂ ವಿಧಿಸಿದ ಶಾಸನವಲ್ಲ. ಶ್ರಮ, ಸಾಮಗ್ರಿ, ಮನಸ್ಸು ಮೂರೂ ಇದ್ದರೆ ಅವಳಿಗಳನ್ನು ಬೇರ್ಪಡಿಸಬಹುದು.

ಹಾಗಿದ್ದರೆ ಹಳೆಯ ಕಾರುಗಳ ಪ್ರೀತಿ ಅಲ್ಲಿಗೇ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಎಂಎಕ್ಸ್-೫ ಬರುವುದಕ್ಕೆ ಒಂದು ವರ್ಷ ಮೊದಲು, ೧೯೮೮ರಲ್ಲಿ, ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು ಎಂ.ಜಿ.ಬಿ.ಗೆ ಹೊಸ ಮೈಗಳನ್ನು ಒತ್ತತೊಡಗಿತ್ತು. ಜನ ಕೊಳ್ಳುತ್ತಲೇ ಹೋದರು. ತೊಂಬತ್ತರ ದಶಕದ ಆರಂಭದಲ್ಲಿ ಆ ಮೈಯನ್ನೇ ಆಧರಿಸಿ ಎಂ.ಜಿ. ಆರ್‌ವಿ೮ ಎಂಬ ಕಾರನ್ನು ಎರಡು ಸಾವಿರದಷ್ಟು ತಯಾರಿಸಿದಾಗ ಅವುಗಳಲ್ಲಿ ಬಹುಪಾಲು ಹೋದದ್ದು ಜಪಾನಿಗೆ! ಜಗತ್ತಿಗೆ ದೋಷವಿಲ್ಲದ ಕಾರುಗಳನ್ನು ಕೊಟ್ಟ ನಾಡಿನವರು ತಮ್ಮ ಮನೆಯ ಅಂಗಳಕ್ಕೆ ಇಂಗ್ಲೆಂಡಿನ ಈ ಹಳೆಯ ಮಾದರಿಯನ್ನು ತರಿಸಿಕೊಂಡರು.

ಇದರಿಂದ ಹೊಳೆಯುವುದೇನೆಂದರೆ, ನಾವು ಒಂದೆಂದು ತಿಳಿದಿದ್ದ ಪ್ರೀತಿಯಲ್ಲಿ ಎರಡು ಎಳೆಗಳಿವೆ. ಕಾರಿನ ವ್ಯಕ್ತಿತ್ವದ ಮೇಲಿನ ಪ್ರೀತಿ ಒಂದು. ಅದನ್ನು ದೋಷವಿಲ್ಲದೆಯೂ ಪಡೆಯಬಹುದೆಂದು ಜಪಾನಿನವರು ತೋರಿಸಿದರು. ತನ್ನ ಕೈಗೂ ಕಿವಿಗೂ ಅದರಲ್ಲಿ ಕೆಲಸವಿದೆಯೆಂಬ ಪ್ರೀತಿ ಇನ್ನೊಂದು. ಅದಕ್ಕೆ ಬೇಕಾದದ್ದೂ ನಿಜವಾಗಿ ದೋಷವಲ್ಲ, ಒಳಗನ್ನು ತೆರೆದು ತೋರಿಸುವ ಗುಣ. ಹಳೆಯ ಕಾರುಗಳಲ್ಲಿ ಆ ಗುಣವು ದೋಷದ ಬೆನ್ನೇರಿ ಬಂದಿತು. ಆದ್ದರಿಂದ ಒಡೆಯರು ಎರಡನ್ನೂ ಒಟ್ಟಿಗೆ ಮುದ್ದಿಸಿದರು.

ಎಂ.ಜಿ. ಎಂಬ ಅಷ್ಟಕೋನದ ಮುದ್ರೆ ೨೦೧೯ರಲ್ಲಿ ನಮ್ಮ ದೇಶಕ್ಕೂ ಬಂದಿತು. ಅದರ ಒಡೆತನ ಆ ವೇಳೆಗೆ ಚೀನದ ಸಂಸ್ಥೆಯೊಂದರ ಕೈಸೇರಿತ್ತು. ಭಾರತದ ಕಾರುಗಳು ಗುಜರಾತಿನ ಹಾಲೋಲ್‌ನಲ್ಲಿ ತಯಾರಾದವು. ಮರುವರ್ಷವೇ ವಿದ್ಯುತ್ತಿನಿಂದ ಓಡುವ ಕಾರೂ ಹೊರಬಂದಿತು. ಅದರಲ್ಲಿ ಕಾರ್ಬ್ಯುರೇಟರಿಲ್ಲ, ಟಿಕ್ ಟಿಕ್ ಎನ್ನುವ ಪಂಪಿಲ್ಲ. ಇಂದಿನ ಯಾವ ಕಂಪನಿಯ ಕಾರಿಗಾದರೂ ಈ ಮಾತು ಸಲ್ಲುತ್ತದೆ: ಅವು ಕೈಕೊಡುವುದು ಅಪರೂಪ, ಕೈಕೊಟ್ಟರೆ ಒಡೆಯ ಮಾಡಬಹುದಾದದ್ದು ದೂರವಾಣಿಯ ಕರೆಯೊಂದೇ. ಬಾನೆಟ್ ಎತ್ತಿದರೆ ಕಾಣುವುದು ಕರಿಯ ಮುಚ್ಚಳಗಳು. ದೋಷವನ್ನು ಓದಲು ತಯಾರಕರ ಗಣಕಯಂತ್ರ ಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಮತದಾರರು ೨೦೧೨ರಲ್ಲಿ ಕಾರು ರಿಪೇರಿಯ ಹಕ್ಕಿಗಾಗಿ ಮತ ಹಾಕಿದರು. ೨೦೨೨ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ರಿಪೇರಿಯ ಹಕ್ಕಿನ ವಿಚಾರಕ್ಕೆ ಒಂದು ಸಮಿತಿಯನ್ನು ನೇಮಿಸಿತು. ಅದರ ಪರಿಶೀಲನೆಗೆ ಬಂದ ನಾಲ್ಕು ವಿಷಯಗಳಲ್ಲಿ ಮೋಟಾರು ವಾಹನವೂ ಒಂದು.

ನಮ್ಮ ಊರುಗಳ ರಸ್ತೆಬದಿಯ ಗ್ಯಾರೇಜುಗಳಿಗೆ ಇದು ಮೋಜಿನ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ. ಎಂಜಿನ್ನಿನ ಸದ್ದನ್ನು ಕೇಳಿಯೇ ರೋಗವನ್ನು ಹೇಳಬಲ್ಲ ಕಿವಿಗಳು ಅಲ್ಲಿ ಇನ್ನೂ ಇವೆ. ಅವುಗಳಿಗೆ ಕೇಳಿಸುವಂಥದನ್ನು ಹೊಸ ಯಂತ್ರಗಳು ಆಡುತ್ತಿಲ್ಲ. ಸೋರುವ ಕಾರನ್ನು ಮತ್ತೆ ತನ್ನಿರೆಂದು ನಾನು ಹೇಳಲಾರೆ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಹೊರಟವರಿಗೆ ಹೊರಡುವ ಕಾರೇ ಬೇಕು. ಆದರೆ ಅದು ಒಂದು ವೇಳೆ ನಿಂತಾಗ, ಹತ್ತಿರದ ಊರಿನ ಮೆಕ್ಯಾನಿಕ್ಕು ಅದರ ಮುಚ್ಚಳವನ್ನು ತೆಗೆದು ಕಾರಣವನ್ನು ಕಾಣುವಂತಿರಬೇಕು ಎಂದು ಕೇಳುವುದು ಅತಿಯಾಸೆಯೇನೂ ಅಲ್ಲ.